ಮುತ್ತು ಚೆಲ್ಲಿದ ಮೇಲೆ

ಟೆಸ್ಟಿನ ಉತ್ತರಪತ್ರಿಕೆ ಕೈಗೆ ಬಂದ ಸಂಜೆ ಆ ಮನೆಯಲ್ಲಿ ಕಾಫಿ ಆರಿಹೋಗುವಷ್ಟು ಹೊತ್ತು ವಾದ ನಡೆಯಿತು. ಗಣಿತದ ಬಗ್ಗೆ ತಕರಾರಿರಲಿಲ್ಲ, ಭೌತಶಾಸ್ತ್ರದ ಬಗ್ಗೆಯೂ ಇರಲಿಲ್ಲ. ತಕರಾರಿದ್ದುದು ಕನ್ನಡದ ಬಗ್ಗೆ. ಎರಡನೇ ಪಿಯುಸಿಯಲ್ಲಿದ್ದ ಮಗಳಿಗೆ ನಾಲ್ಕು ಅಂಕದ ಪ್ರಶ್ನೆಯೊಂದಕ್ಕೆ ಸಿಕ್ಕಿದ್ದು ಒಂದೇ ಅಂಕ. ಪಂಪನ ಕರ್ಣ ದುರ್ಯೋಧನನನ್ನು ಏಕೆ ಬಿಟ್ಟು ಬರಲಿಲ್ಲ ಎಂಬುದು ಪ್ರಶ್ನೆ. ಉತ್ತರದ ಪಕ್ಕದಲ್ಲಿ ಉಪನ್ಯಾಸಕರು ಕೆಂಪು ಶಾಯಿಯಲ್ಲಿ ಎರಡೇ ಮಾತು ಬರೆದಿದ್ದರು: 'ಆಧಾರ ಎಲ್ಲಿ?'

"ಕನ್ನಡದಲ್ಲಿ ಯಾರಾದ್ರೂ ಅಂಕ ಕಳ್ಕೋತಾರಾ ಪುಟ್ಟಿ? ಗೈಡಲ್ಲಿ ಇದ್ದ ಹಾಗೆ ಬರೆದಿದ್ರೆ ಸಾಕಿತ್ತಲ್ಲ" ಎಂದರು ಅಪ್ಪ.

"ಗೈಡಲ್ಲಿ ಇರೋದು ಪದ್ಯದಲ್ಲಿ ಇಲ್ಲ ಅಪ್ಪಾ" ಎಂದಳು ಮಗಳು.

ಅಪ್ಪನಿಗೆ ರೇಗಿತು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗುವ ಮೊದಲು ಅವರೂ ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವರು. ಪಂಪಭಾರತದ ಆ ಪದ್ಯ ಅವರಿಗೆ ಇಂದಿಗೂ ಬಾಯಿಪಾಠ.

ಸಂದರ್ಭ ಒಂಬತ್ತನೆಯ ಆಶ್ವಾಸದ್ದು. ಸಂಧಾನಕ್ಕೆಂದು ಬಂದ ಕೃಷ್ಣ ಕರ್ಣನನ್ನು ಏಕಾಂತದಲ್ಲಿ ಕಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಕುಂತಿಯ ಮಗ, ಪಾಂಡವರಿಗೆ ಅಣ್ಣ, ರಾಜ್ಯ ನಿನ್ನದು, ಬಾ ಎನ್ನುತ್ತಾನೆ. ಆಗ ಕರ್ಣ ನೆನಪಿಸಿಕೊಳ್ಳುವುದು ಒಂದು ನೆತ್ತದಾಟವನ್ನು. ದುರ್ಯೋಧನನ ರಾಣಿ ಭಾನುಮತಿ ಆಡಿ ಸೋತಿದ್ದಳು. ಪಣ ಕೊಡು ಎಂದು ಕಾಡುವಾಗ ಹಾರ ಹರಿದು ಮುತ್ತುಗಳು ಚೆಲ್ಲಾಪಿಲ್ಲಿಯಾದವು. ಮನಸ್ಸಿನಲ್ಲಿ ಯಾವ ಮುನಿಸೂ ಇಲ್ಲದೆ ದೊರೆ ಕೇಳಿದ್ದು ಒಂದೇ, ಇವನ್ನು ಆಯಲೇ ಎಂದು. ಅಂಥವನನ್ನು ಬಿಟ್ಟು ನಿಮ್ಮಲ್ಲಿಗೆ ಬಂದರೆ ನಾನು ಮನುಷ್ಯನೇ ಎಂಬ ಧಾಟಿಯಲ್ಲಿ ಕರ್ಣ ಮಾತು ಮುಗಿಸುತ್ತಾನೆ.

"ಭಾನುಮತಿ ಜೊತೆ ಆಡ್ತಿದ್ದವನು ಕರ್ಣ. ಹಾರಕ್ಕೆ ಕೈ ಹಾಕಿದವನೂ ಅವನೇ. ಆದ್ರೂ ದುರ್ಯೋಧನ ಸಂಶಯಪಡಲಿಲ್ಲ. ಇದರಲ್ಲಿ ಗೊಂದಲ ಏನಿದೆ?" ಎಂದು ಅಪ್ಪ ಕೇಳಿದರು.

"ಕರ್ಣ ಅಂತ ಎಲ್ಲಿದೆ ತೋರಿಸಿ."

ಅಪ್ಪ ಪದ್ಯವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು, ಇನ್ನೊಮ್ಮೆ ಹೇಳಿಕೊಂಡರು. ಎಷ್ಟೋ ವರ್ಷಗಳಿಂದ ನಾಲಗೆಯ ಮೇಲಿದ್ದ ಪದ್ಯ. ಸೋತವಳು ಭಾನುಮತಿ ಎಂದು ಅದರಲ್ಲಿದೆ, ಗೆದ್ದವನ ಹೆಸರಿಲ್ಲ. "ಇರಲಿ, ನೋಡೋಣ" ಎಂದು ಎದ್ದು ಹೋದರು.

ಆ ವಾರ ಅಪ್ಪ ಮಗಳ ನಡುವೆ ಮಾತು ಅಷ್ಟಾಗಿ ಸಲೀಸಾಗಿರಲಿಲ್ಲ. ಅದಕ್ಕೆ ಅಂಕ ಕಾರಣವಲ್ಲ. ಸೋಮವಾರ ಸಂಜೆ ಸಹಪಾಠಿ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ಕನ್ನಡ ನೋಟ್ಸಿನ ಪುಸ್ತಕ ಕೊಟ್ಟು ಹೋಗಿದ್ದ. ಅಪ್ಪ ಅವನನ್ನು ಗೇಟಿನ ಬಳಿಯೇ ನಿಲ್ಲಿಸಿ ಯಾರ ಮನೆ, ಯಾವ ಸೆಕ್ಷನ್, ತಂದೆ ಏನು ಮಾಡುತ್ತಾರೆ ಎಂದೆಲ್ಲ ಕೇಳಿದ್ದರು. ಅವನು ಹೋದ ಮೇಲೆ ಆ ಪುಸ್ತಕವನ್ನು ಕೌಂಟರಿನಲ್ಲಿ ನೋಟು ಎಣಿಸುವವರ ಹಾಗೆ ಒಂದೊಂದೇ ಹಾಳೆ ತಿರುವಿ ನೋಡಿದ್ದರು. ಒಳಗೆ ಸಿಕ್ಕಿದ್ದು ಛಂದಸ್ಸಿನ ಪ್ರಸ್ತಾರ, ಸಮಾಸಗಳ ಪಟ್ಟಿ ಮಾತ್ರ. ಬಾಗಿಲಲ್ಲಿ ನಿಂತಿದ್ದ ಮಗಳು ಅದನ್ನು ನೋಡಿದಳು. ಏನೂ ಅನ್ನಲಿಲ್ಲ. "ಅಷ್ಟು ಯಾಕೆ ಕೆದಕೋಕೆ ಹೋದ್ರಿ?" ಎಂದು ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಕೇಳಿದ್ದರು. "ಕಾಲ ಸರಿಯಿಲ್ಲ" ಎಂದು ಅಪ್ಪ ಮಾತು ತೇಲಿಸಿದ್ದರು.

ಶನಿವಾರ ಅಪ್ಪ ಗ್ರಂಥಾಲಯಕ್ಕೆ ಹೋದರು. ಪಂಪಭಾರತವನ್ನೂ ಅದರ ಬಗೆಗಿನ ಎರಡು ವಿಮರ್ಶೆಯ ಪುಸ್ತಕಗಳನ್ನೂ ಹೊತ್ತು ತಂದರು. ಮಗಳು ಎಬ್ಬಿಸಿದ ತಕರಾರು ಹೊಸದಲ್ಲ ಎಂಬುದು ಆಗ ತಿಳಿಯಿತು. ಹಳಗನ್ನಡ ವಿದ್ವಾಂಸರು ಈ ಒಂದು ಪದ್ಯದ ಮೇಲೆ ಬಹಳ ಕಾಲದಿಂದ ವಾದ ಮಾಡುತ್ತಲೇ ಬಂದಿದ್ದಾರೆ. ಆಡಿದವನು ಕರ್ಣ ಎಂದು ಕೆಲವರು. ಆಡುತ್ತಿದ್ದವರು ಗಂಡಹೆಂಡಿರು, ಕರ್ಣ ಅಲ್ಲಿದ್ದ ಆಪ್ತ ಗೆಳೆಯನಷ್ಟೇ ಎಂದು ಕೆಲವರು.

ಭಾನುವಾರ ಬೆಳಿಗ್ಗೆ ಇಬ್ಬರೂ ಪುಸ್ತಕ ಹರಡಿಕೊಂಡು ಕೂತರು. ಕರ್ಣನೇ ಆಡಿದ ಎನ್ನುವುದಕ್ಕೆ ಅಪ್ಪ ಕಾರಣ ಕೊಟ್ಟರು. ತನ್ನ ಮೇಲೆ ಒಡೆಯನಿಗಿದ್ದ ನಂಬಿಕೆ ಎಷ್ಟೆಂದು ಹೇಳಲು ಕರ್ಣ ಈ ಮಾತು ಎತ್ತಿದ್ದಾನೆ. ಆಟದಲ್ಲಿ ಅವನೇ ಇಲ್ಲದಿದ್ದರೆ ದುರ್ಯೋಧನನ ಔದಾರ್ಯಕ್ಕೆ ತೂಕವೆಲ್ಲಿ? ನಾಲ್ಕೈದು ಶತಮಾನಗಳ ನಂತರದ ತಮಿಳಿನ ವಿಲ್ಲಿಭಾರತದಲ್ಲೂ ಇಂಥದೇ ಪ್ರಸಂಗವಿದೆ, ಅಲ್ಲಿ ಆಡುವವನು ಕರ್ಣನೇ. ಮಗಳ ಕಾರಣ ಬೇರೆ. ತಮಿಳಿನಲ್ಲಿದೆ ಎಂದ ಮಾತ್ರಕ್ಕೆ ಪಂಪನಲ್ಲೂ ಇದೆ ಎನ್ನುವುದು ಹೇಗೆ? ರಾಣಿಯ ಕೊರಳಿಗೆ ಕೈ ಹಾಕುವವನನ್ನಾಗಿ ಪಂಪ ತನ್ನ ಮೆಚ್ಚಿನ ಕರ್ಣನನ್ನು ಮಾಡಿಯಾನೇ? ಗಂಡಹೆಂಡಿರು ಸರಸವಾಡುವ ಅಂತಃಪುರಕ್ಕೂ ಸೂತನ ಮಗನೆನಿಸಿಕೊಂಡವನನ್ನು ಬಿಟ್ಟುಕೊಂಡಿದ್ದೇ ದೊಡ್ಡ ನಂಬಿಕೆಯಲ್ಲವೇ?

ಕರ್ಣನ ಮೇಲೆ ಪಂಪನಿಗಿದ್ದ ಪ್ರೀತಿಗೆ ಆಧಾರ ಹುಡುಕಬೇಕಿಲ್ಲ. ಕ್ರಿ.ಶ. 941ರ ಹೊತ್ತಿಗೆ ಅವನು ಕಾವ್ಯ ಬರೆದಾಗ ಅದರ ನಾಯಕ ಅರ್ಜುನ. ಆಶ್ರಯ ಕೊಟ್ಟ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ ಹೊಗಳಿದ ಕಾವ್ಯವದು. ಅದಕ್ಕಾಗಿ ಕತೆಯನ್ನೇ ತಿದ್ದಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಆದರೆ ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆಯಿರಿ ಎಂಬ ಭಾವ ಅದೇ ಲೇಖನಿಯಿಂದ ಬಂತು. ಮುತ್ತಿನ ಈ ಪ್ರಸಂಗ ವ್ಯಾಸಭಾರತದಲ್ಲಿ ಇಲ್ಲ. ವ್ಯಾಸರ ಕರ್ಣ ಸಭೆಯ ನಡುವೆ ದ್ರೌಪದಿಯನ್ನು ಹೀನಾಯವಾಗಿ ಜರೆದವನು. ಆ ಕಲೆಯೂ ಅವನಿಗಿದೆ. 'ದಾನಶೂರ, ಧೀರ, ಸ್ವಾಮಿನಿಷ್ಠ' ಎಂದು ಮೂರು ವಿಶೇಷಣ ಬರೆದು ಅಡಿಗೆರೆ ಎಳೆದರೆ ಪಾತ್ರಚಿತ್ರಣ ಮುಗಿಯುವುದಿಲ್ಲ. ಈ ಮಾತನ್ನು ಯಾರು, ಯಾರಿಗೆ, ಯಾವ ಇಕ್ಕಟ್ಟಿನಲ್ಲಿ ಹೇಳುತ್ತಿದ್ದಾರೆ, ಕವಿ ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಸಿಕ್ಕ ಉತ್ತರಕ್ಕೆ ಪದ್ಯದಿಂದಲೇ ಸಾಕ್ಷಿ ತರಬೇಕಾಗುತ್ತದೆ. ಮಗಳು ತಪ್ಪಿದ್ದು ಅಲ್ಲಿ. ತನಗನಿಸಿದ್ದನ್ನು ಬರೆದಿದ್ದಳು, ಏಕೆ ಹಾಗನಿಸಿತೆಂದು ಬರೆದಿರಲಿಲ್ಲ. ಕೆಂಪು ಶಾಯಿಯ ಪ್ರಶ್ನೆ ನ್ಯಾಯವಾದದ್ದೇ ಎಂದು ಅವಳೂ ಒಪ್ಪಿಕೊಂಡಳು.

"ಹಾಗಾದ್ರೆ ಕೊನೆಗೆ ಆಡಿದ್ದು ಯಾರು ಅಂತೀಯಾ?" ಎಂದರು ಅಪ್ಪ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಯಾರು ಆಡಿದ್ರೂ ಆ ಪದ್ಯದಲ್ಲಿ ಒಂದು ಮಾತು ಬದಲಾಗಲ್ಲ ಅಪ್ಪಾ. ಮುತ್ತು ಚೆಲ್ಲಿದ್ದನ್ನ ನೋಡಿದವನು ಏನೇನೋ ಕೇಳಬಹುದಿತ್ತು. ಕೇಳಲಿಲ್ಲ. ಅದಕ್ಕೇ ಕರ್ಣ ರಾಜ್ಯ ಬೇಡ ಅಂದ. ಅದನ್ನ ಬರೀಬೇಕು ಅಂತಿದ್ದೆ, ಸರಿಯಾಗಿ ಬರಲಿಲ್ಲ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಟೀಪಾಯಿಯ ಮೇಲೆ ಆ ಹುಡುಗನ ನೋಟ್ಸಿನ ಪುಸ್ತಕ ಇನ್ನೂ ಬಿದ್ದಿತ್ತು. ಅದರ ಮೂಲೆಯೊಂದು ಮಡಚಿಕೊಂಡಿತ್ತು. ಅದನ್ನು ಬೆರಳಿನಿಂದ ನೇರ ಮಾಡಿ ಮಗಳ ಕಡೆ ಸರಿಸಿದರು. "ಸೋಮವಾರ ನಾನು ಹಾಗೆ ನೋಡಬಾರದಿತ್ತು" ಎಂದರು. ಮಗಳು ತಲೆ ಎತ್ತಲಿಲ್ಲ. ಆದರೆ ಪುಸ್ತಕ ತೆಗೆದುಕೊಂಡಳು.

ಮುಂದಿನ ಟೆಸ್ಟಿನಲ್ಲಿ ಅಂಥದೇ ಪ್ರಶ್ನೆ ಬಂತು. ಅವಳು ಎರಡೂ ಓದುಗಳನ್ನು ಕೊಟ್ಟು, ಎರಡಕ್ಕೂ ಪದ್ಯದಲ್ಲಿರುವ ಆಧಾರ ಹೇಳಿ, ತನಗೆ ಯಾವುದು ಸರಿ ಕಂಡಿತೆಂದು ಕೊನೆಯಲ್ಲಿ ಬರೆದಳು. ಮೂರು ಅಂಕ ಬಂತು. ಇನ್ನೊಂದು ಎಲ್ಲಿ ಹೋಯಿತೆಂದು ಈ ಸಲ ಅಪ್ಪ ಕೇಳಲಿಲ್ಲ.

ಅದೇ ಸಂಜೆ ಸೈಕಲ್ಲಿನ ಗಂಟೆ ಕೇಳಿಸಿತು. ಹುಡುಗ ಪುಸ್ತಕಕ್ಕಾಗಿ ಬಂದಿದ್ದ. ಹಿಂದಿನ ವಿಚಾರಣೆಯ ನೆನಪಿನಿಂದಲೋ ಏನೋ, ಗೇಟಿನಿಂದ ನಾಲ್ಕು ಮಾರು ದೂರವೇ ನಿಂತಿದ್ದ. ಅಪ್ಪ ಹೋಗಿ ಗೇಟು ತೆಗೆದರು.

"ಒಳಗೆ ಬಾಪ್ಪಾ, ಕಾಫಿ ಕುಡಿದು ಹೋಗು. ಭಾನುಮತಿ ಜೊತೆ ಆಡಿದ್ದು ಯಾರು ಅಂತೀಯ ನೀನು?"

ಹುಡುಗ ತಬ್ಬಿಬ್ಬಾದ. "ಕರ್ಣ ಸಾರ್. ಗೈಡಲ್ಲಿ ಹಾಗೇ ಇದೆ" ಎಂದ.

ಒಳಗಿನಿಂದ ಮಗಳು ನಕ್ಕ ಸದ್ದು ಕೇಳಿಸಿತು. ಆ ಮನೆಯಲ್ಲಿ ಅದು ಕೇಳಿಸಿ ಕೆಲವು ದಿನಗಳೇ ಆಗಿದ್ದವು.