ಬಣ್ಣ ಬಿಟ್ಟ ಸುರಾಹಿ

ಮಗಳ ನಿಕಾಹ್‌ಗೆ ಬಾಳಿಕೆ ಬರುವ ವಸ್ತುವೊಂದನ್ನು ಕೊಡಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಬಟ್ಟೆ ಹಳೆಯದಾಗುತ್ತದೆ, ಚಿನ್ನ ಕಷ್ಟಕಾಲದಲ್ಲಿ ಒತ್ತೆ ಹೋಗುತ್ತದೆ. ಬಿದ್ರಿಯ ಸುರಾಹಿಯೊಂದನ್ನು ಕೊಟ್ಟರೆ ಅವಳ ಮಕ್ಕಳ ಕಾಲಕ್ಕೂ ಇರುತ್ತದೆ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ರಾಜೇಶ್ವರದ ನಮ್ಮ ಮನೆಯಲ್ಲಿ ಅಮ್ಮಿ ತವರಿನಿಂದ ತಂದ ಬಿದ್ರಿಯ ಪಾನ್‌ದಾನ್ ಇದೆ. ಅಮ್ಮಿ ತೀರಿಕೊಂಡು ವರ್ಷಗಳೇ ಕಳೆದಿವೆ. ಈಗಲೂ ತುಸು ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿದರೆ ಅದರ ಕಪ್ಪು ಇದ್ದಲಿನಂತೆ ಗಾಢವಾಗುತ್ತದೆ, ಬೆಳ್ಳಿಯ ಬಳ್ಳಿ ಎದ್ದು ಕಾಣುತ್ತದೆ.

ನಮ್ಮೂರಿಂದ ಬೀದರ್ ದೂರವೇನಲ್ಲ. ಹುಮನಾಬಾದಿಗೆ ಹೋಗಿ ಬಸ್ಸು ಬದಲಿಸಿದರೆ ಆಯಿತು. ಆದರೆ ನಾನು ಕೊಂಡದ್ದು ದೊಡ್ಡ ನಗರವೊಂದರ ದೊಡ್ಡ ಮಳಿಗೆಯಲ್ಲಿ. ಗಾಜಿನ ಕಪಾಟು, ಮಖಮಲ್ಲಿನ ಪೆಟ್ಟಿಗೆ, ಅದರೊಳಗೆ ದಪ್ಪ ಕಾಗದದ ಕಾರ್ಡು. ಸಂಗ್ರಹಕಾರರಿಗೆಂದೇ ಮಾಡಿದ್ದು, ಇಂತಿಷ್ಟೇ ಸಂಖ್ಯೆಯಲ್ಲಿ ತಯಾರಾದದ್ದು ಎಂದು ಅದರಲ್ಲಿ ಅಚ್ಚಾಗಿತ್ತು. ಬೆಲೆ ಹದಿನೆಂಟು ಸಾವಿರ. ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಒಂದು ಮಾತೂ ಆಡದೆ ಎಣಿಸಿಕೊಟ್ಟೆ.

ಮದುವೆಯಾಗಿ ಎಂಟು ತಿಂಗಳಿಗೆ ಮಗಳು ಮನೆಗೆ ಬಂದಾಗ ಸುರಾಹಿಯನ್ನು ಜೊತೆಗೆ ತಂದಿದ್ದಳು. "ಅಬ್ಬಾ, ಬೇಜಾರು ಮಾಡ್ಕೋಬೇಡಿ, ಇದನ್ನ ಒರೆಸಿದಾಗೆಲ್ಲ ಬಟ್ಟೆ ಕಪ್ಪಾಗ್ತದೆ" ಎಂದಳು. ಕೊರಳಿನ ಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಹೂವಿನ ತಂತಿ ಎದ್ದು ಬೆರಳಿಗೆ ಚುಚ್ಚುತ್ತಿತ್ತು. ಮಳಿಗೆಗೆ ಫೋನ್ ಮಾಡಿದೆ. ಕೈಕೆಲಸದ ವಸ್ತುಗಳಿಗೆ ಗ್ಯಾರಂಟಿ ಇರುವುದಿಲ್ಲ ಎಂದು ಹೇಳಿ ಇಟ್ಟುಬಿಟ್ಟರು.

ಕೊನೆಗೆ ಅದನ್ನು ಬೀದರಿನ ಒಬ್ಬ ಹಿರಿಯ ಕುಶಲಕರ್ಮಿಯ ಬಳಿಗೆ ಒಯ್ದೆ. ಅವರು ಹತ್ತಿಗೆ ಸ್ವಲ್ಪ ಥಿನ್ನರ್ ತಾಗಿಸಿ ತಳವನ್ನು ಉಜ್ಜಿದರು. ಹತ್ತಿ ಕಪ್ಪಾಯಿತು, ಲೋಹ ಬೆಳ್ಳಗಾಯಿತು. ಎದ್ದಿದ್ದ ತಂತಿಯನ್ನು ಸೂಜಿಯಿಂದ ಕೆದರಿ ನೋಡಿದರು. "ಮಾಸ್ತರ್ ಸಾಬ್, ಕಪ್ಪು ಪೇಂಟಿನದು. ತಂತಿ ಬೆಳ್ಳಿಯದಲ್ಲ" ಎಂದರು.

ಬಿದ್ರಿಯ ಕಪ್ಪು ಬಳಿದದ್ದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ನಯಗೊಳಿಸಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರುತ್ತಾರೆ. ಅದರ ಮೇಲೆ ಚಿತ್ತಾರ ಬರೆದು, ಉಳಿಯಿಂದ ಕೊರೆದು, ಆ ಗೀರುಗಳಿಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಕೊನೆಗೆ ಹದವಾಗಿ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜುತ್ತಾರೆ. ಆಗ ಸತು ಮಿಶ್ರಣ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ಕಲೆಯೆಂದು ಹೇಳುವ ಇದಕ್ಕೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಈ ಕಲೆಗಾಗಿ ಪದ್ಮಶ್ರೀ ಬಂತು. ಇಷ್ಟು ಮನ್ನಣೆ ಪಡೆದ ಹೆಸರನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ, ಒಳಗೆ ಪೇಂಟು ಬಳಿದ ಲೋಹ ಇಟ್ಟಿದ್ದರು.

ನಾನು ಸಿಟ್ಟಿನಿಂದ ಏನೇನೋ ಅಂದೆ. ಉಸ್ತಾದರಿಗೆ ಸಿಟ್ಟು ಬರಲಿಲ್ಲ. "ಇದನ್ನ ನಮ್ಮ ಹುಡುಗರಲ್ಲೇ ಯಾರಾದ್ರೂ ಮಾಡಿರಬಹುದು" ಎಂದರು. "ಉಳಿಯ ಕೈ ಚೆನ್ನಾಗಿದೆ, ನೋಡಿ. ವ್ಯಾಪಾರಿ ಹೇಳಿದ ರೇಟಿಗೆ ಬೆಳ್ಳಿ ಬರೋದಿಲ್ಲ. ಬೆಳ್ಳಿಯ ಬೆಲೆ ಏರ್ತಾನೇ ಇದೆ, ನಮ್ಮ ಮಜೂರಿ ಏರಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಲ್ಲ?"

ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಹತ್ತು ವರ್ಷಗಳ ಹಿಂದೆ ಇದೇ ಗಲ್ಲಿಯಲ್ಲಿ ಒಂದು ಹೂದಾನಿ ನೋಡಿದ್ದೆ. ಕುಶಲಕರ್ಮಿ ನಾಲ್ಕು ಸಾವಿರ ಹೇಳಿದ್ದ. ನಾನು ಎರಡೂವರೆಗೆ ಕೇಳಿ, ಅವನು ಒಪ್ಪದಿದ್ದಾಗ, ಸುಲಿಗೆ ಎಂದು ಗೊಣಗಿ ಎದ್ದು ಬಂದಿದ್ದೆ. ಮಾಡಿದವನ ಬಾಗಿಲಲ್ಲಿ ಚೌಕಾಶಿ ಮಾಡಿದವನು, ಮಾರುವವನ ಗಾಜಿನ ಕಪಾಟಿನ ಮುಂದೆ ತುಟಿ ಬಿಚ್ಚಿರಲಿಲ್ಲ. ನನ್ನಂಥ ಗಿರಾಕಿಗಳೇ ಸೇರಿ ಆ ಹುಡುಗನ ಕೈಗೆ ಪೇಂಟಿನ ಡಬ್ಬಿ ಕೊಟ್ಟೆವಲ್ಲವೇ?

ಇದರಿಂದ ಮೋಸ ಮೋಸವಲ್ಲವೆಂದಾಗುವುದಿಲ್ಲ. ಪ್ರವಾದಿ ಮುಹಮ್ಮದ್ (ಸ) ಅವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆಲ್ಲ ಒದ್ದೆಯಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದರು. ನಮ್ಮ ಪಕ್ಕದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದಾಗಲೂ ಅದರಲ್ಲಿ ಸತ್ಯಶುದ್ಧತೆಯನ್ನೇ ಬಯಸಿದ್ದರು. ಎರಡೂ ನಮ್ಮ ನೆಲದ ಜನರಿಗೆ ಬಾಯಿಪಾಠ. ಕೊಡುವ ಕೊಳ್ಳುವ ಹೊತ್ತಿಗೆ ಮಾತ್ರ ಮರೆತುಹೋಗುತ್ತವೆ.

ಇನ್ನೊಂದು ತೊಡಕು ಉಳಿದಿತ್ತು. ಬೀಗರು ಆ ಸುರಾಹಿಯನ್ನು ಬಂದವರಿಗೆಲ್ಲ ಅಸಲಿ ಬಿದ್ರಿಯೆಂದು ತೋರಿಸಿದ್ದರು. ಮತ್ತೆ ಕಪ್ಪು ಬಳಿಸಿ ಸುಮ್ಮನೆ ಕಳಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮನೆಯಾಕೆಯೂ ಹಾಗೇ ಮಾಡಿ ಎಂದಳು, ಮಗಳ ಮರ್ಯಾದೆಯ ಪ್ರಶ್ನೆಯಲ್ಲವೇ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ನೆನೆದ ಧಾನ್ಯವನ್ನು ಕೆಳಗೆ ಮುಚ್ಚಿಟ್ಟವನಿಗೂ ನನಗೂ ಏನು ವ್ಯತ್ಯಾಸ? ಮೂರನೆಯ ದಿನ ನಾನೇ ಬೀಗರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಬೀಗರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಯಿಸಾಬ್, ಮೊದಲು ಚಹಾ ಕುಡೀರಿ" ಎಂದರು. ಅಷ್ಟಕ್ಕೇ ಮುಗಿಯಿತು.

ಆಮೇಲೆ ಉಸ್ತಾದರಿಗೆ ಅಂಗೈಯಗಲದ ಒಂದು ಡಬ್ಬಿ ಮಾಡಿಕೊಡಲು ಹೇಳಿದೆ. ಅವರು ಹೇಳಿದ ಬೆಲೆಗೆ ಒಪ್ಪಿಕೊಂಡೆ. ಮಾಡಲು ಆರು ವಾರ ಹಿಡಿಯಿತು. ಡಬ್ಬಿಗೆ ಮಖಮಲ್ಲಿನ ಪೆಟ್ಟಿಗೆಯಿಲ್ಲ, ಕಾರ್ಡೂ ಇಲ್ಲ. ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಮಗಳು ಅದನ್ನು ಬಿಚ್ಚಿ, ಮೊದಲು ಬಿಳಿ ದುಪಟ್ಟಾದ ಅಂಚಿನಿಂದ ಜೋರಾಗಿ ಉಜ್ಜಿದಳು. ಅಂಚು ಬಿಳಿಯಾಗಿಯೇ ಉಳಿಯಿತು.