ಹೊಸ್ತಿಲ ಬಳಿಯ ತಂಬಿಗೆ

ಮೊನ್ನೆ ರವಿವಾರ ರಾತ್ರಿ ಮಗಳ ಒತ್ತಾಯಕ್ಕೆ ಮಣಿದು ಅವಳ ಪಕ್ಕದಲ್ಲಿ ಕುಳಿತು ಒಂದು ಜೋಂಬಿ ನಾಟಕ ನೋಡಿದೆ. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುತ್ತಾರೆ. ಕಚ್ಚಿಸಿಕೊಂಡವರೂ ಅವರಂತೆಯೇ ಆಗುತ್ತಾರೆ. ಬೇತಾಳನನ್ನು ಬಲ್ಲ ನಮಗೆ ಇದೇನು ಮಹಾ ಎಂದುಕೊಂಡೆ. ನಮ್ಮ ಬೇತಾಳ ಕಚ್ಚುವುದಿಲ್ಲ. ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಅಧ್ಯಾಪಕನಾದ ನನಗೆ ಅವನು ವೃತ್ತಿಬಾಂಧವನೆಂಬ ಅಭಿಮಾನವೂ ಉಂಟು.

ಆದರೆ ನಡುವೆ ಒಬ್ಬ ಹೆಂಗಸು ಬಂದಳು. ಊರಿಗೆ ಊರೇ ಹಾಳಾಗಿ ಅವಳೊಬ್ಬಳೇ ಉಳಿದಿದ್ದಾಳೆ. ಬಾಗಿಲಾಚೆ ಅವಳ ಗಂಡನ ಮುಖ. ತೆರೆದರೆ ಕಚ್ಚುತ್ತಾನೆ, ತೆರೆಯದಿರೋಣವೆಂದರೆ, ಗಂಡ. ಅಗಳಿಯ ಮೇಲೆ ಕೈಯಿಟ್ಟು ಅವಳು ನಿಂತೇ ಇದ್ದಳು. ನನಗೆ ನಮ್ಮ ಮುತ್ತಜ್ಜಿಯ ನೆನಪಾಯಿತು.

ಮನೆಯವರೆಲ್ಲ ಆಯಿ ಎಂದು ಕರೆಯುತ್ತಿದ್ದ ಆಕೆ ಬೈಲಹೊಂಗಲದ ಹತ್ತಿರದ ಹಳ್ಳಿಯವಳು. ನಾನು ಕಾಣುವಾಗ ಎಂಬತ್ತು ದಾಟಿದ್ದಳು. ದಿನವೂ ಮಲಗುವ ಮುನ್ನ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿ ಹೊಸ್ತಿಲ ಬಳಿ ಇಡುವಳು. ಯಾಕೆಂದು ಕೇಳಿದರೆ, "ಯಾರರೆ ಬಂದ್ರ ಬೇಕಾಗ್ತದ, ನೀ ಮಲಕೋ ತಮ್ಮಾ" ಎನ್ನುವಳು.

1918ರಲ್ಲಿ ಮಹಾಯುದ್ಧದ ಹಡಗುಗಳೊಡನೆ ಮುಂಬಯಿಗೆ ಬಂದಿಳಿದ ಇನ್‌ಫ್ಲುಯೆಂಜಾ ಜ್ವರ, ಮಳೆಗಾಲ ಮುಗಿಯುವ ಹೊತ್ತಿಗೆ ಇಡೀ ಮುಂಬಯಿ ಇಲಾಖೆಗೆ ಹಬ್ಬಿತು. ಬೆಳಗಾವಿ ಜಿಲ್ಲೆ ಆಗ ಆ ಇಲಾಖೆಯಲ್ಲಿತ್ತು. ಮಳೆಯೂ ಕೈಕೊಟ್ಟ ವರ್ಷ. ಮುದುಕರನ್ನು ಬಿಟ್ಟು ದುಡಿಯುವ ಪ್ರಾಯದವರನ್ನೇ ಆ ಜ್ವರ ಹೆಚ್ಚಾಗಿ ಒಯ್ದಿತು. ಇಂಡಿಯಾದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಎಂದು ಅಂದಾಜು.

ಆಯಿಗೆ ಆಗ ಹದಿಮೂರು. ಎಂಟು ದಿನದೊಳಗೆ ತಂದೆ, ತಾಯಿ, ಅಣ್ಣ ಮೂವರೂ ಹೋದರು. ತೀರಿಕೊಳ್ಳುವ ಹಿಂದಿನ ವರ್ಷ ಒಮ್ಮೆ ಮಾತ್ರ ನನ್ನ ತಾಯಿಯೆದುರು ಬಾಯಿಬಿಟ್ಟಳಂತೆ: "ಅಣ್ಣ ಒಳಗ ನೀರು ನೀರು ಅಂತಿದ್ದ. ನನಗ ಅಂಜಿಕಿ. ತಂಬಗಿ ಹೊಸ್ತಿಲದಾಗ ಇಟ್ಟು ಓಡಿಬಿಟ್ನಿ. ಅವಗ ಎದ್ದು ಬರಾಕ ಆಗಲಿಲ್ಲ. ಮುಂಜಾನೆ ನೋಡಿದ್ರ ತಂಬಗಿ ತುಂಬಿದ್ದು ತುಂಬಿದ್ಹಂಗ ಇತ್ತು."

ಉಳಿದವರ ದುಃಖ ನಮ್ಮ ಸೀಮೆಗೆ ಹೊಸದಲ್ಲ. 1816ರಲ್ಲಿ ಗಂಡ ಮಲ್ಲಸರ್ಜನನ್ನೂ 1824ರಲ್ಲಿ ಮನೆಯ ಮಗ ಶಿವಲಿಂಗರುದ್ರಸರ್ಜನನ್ನೂ ಅದೇ ಡಿಸೆಂಬರಿನಲ್ಲಿ ಕಿತ್ತೂರನ್ನೂ ಕಳೆದುಕೊಂಡ ಚೆನ್ನಮ್ಮರಾಣಿ, ಬೈಲಹೊಂಗಲದ ಸೆರೆಯಲ್ಲಿ ನಾಲ್ಕು ವರ್ಷ ಕಳೆದು 1829ರ ಫೆಬ್ರವರಿ 2ರಂದು ಕಣ್ಣು ಮುಚ್ಚಿದಳು. ಯುದ್ಧವನ್ನು ಹಾಡುವ ನಾವು ಆ ನಾಲ್ಕು ವರ್ಷಗಳನ್ನು ಹಾಡುವುದು ಕಡಿಮೆ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಗೆ ದೇವಿಯ ಬಳೆ ಒಡೆಯುತ್ತದೆ, ಜಮದಗ್ನಿ ಹತನಾದನು. ಎರಡು ತಿಂಗಳಿಗೆ ಭಾರತ ಹುಣ್ಣಿಮೆ. ಜಮದಗ್ನಿ ಜೀವ ತಳೆದು ಬರುತ್ತಾನೆ, ತಾಯಿ ಮತ್ತೆ ಮುತ್ತೈದೆ. ಮರಳಿ ಬಂದವನು ಯಾರನ್ನೂ ಕಚ್ಚುವುದಿಲ್ಲ. ಆಯಿ ಈ ಎರಡನೆಯ ಹುಣ್ಣಿಮೆಗೆ ತಪ್ಪದೆ ಗುಡ್ಡಕ್ಕೆ ಹೋಗುವಳು. ದೇವಿಯ ದುಃಖಕ್ಕೆ ಅವಧಿಯಿದೆ. ಅವಳದಕ್ಕೆ ಎಪ್ಪತ್ತು ವರ್ಷವೂ ಸಾಲಲಿಲ್ಲ.

ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ, ನಾನಾಗಿದ್ದರೆ ಓಡುತ್ತಿರಲಿಲ್ಲ ಎಂದುಕೊಂಡಿದ್ದೆ. 2021ರ ಬೇಸಗೆಯಲ್ಲಿ ರಾಮದುರ್ಗದ ಕಾಕಾ ನಮ್ಮ ಮನೆಗೆ ಬಂದಾಗಲೇ ಕೊರೋನಾ ಹಿಡಿದು ಹಿಂದಿನ ಕೋಣೆಯಲ್ಲಿ ಮಲಗಿದರು. ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವರು. ನಾನು ಮುಖಕ್ಕೆ ಬಟ್ಟೆ ಕಟ್ಟಿ ಗಂಜಿಯ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಕಾಕಾ ಗೋಡೆ ಹಿಡಿದು ಎದ್ದು ಬಂದು ಬಟ್ಟಲು ಒಯ್ದರು, ಬದುಕಿದರು. ನನಗೂ ಆಯಿಗೂ ಇದ್ದ ಅಂತರ ಅಷ್ಟೇ: ನಮ್ಮ ಕಾಕಾಗೆ ಎದ್ದು ಬರಲು ಆಯಿತು.

ನಾಟಕ ಮುಗಿಯಿತು. "ಆಕಿ ಬಾಗಲಾ ತೆಗೀಬೇಕಿತ್ತೇನಪ್ಪಾ?" ಎಂದು ಮಗಳು ಕೇಳಿದಳು. ಬೇತಾಳನ ಪ್ರಶ್ನೆಗೆ ತಿಳಿದೂ ಉತ್ತರಿಸದಿದ್ದರೆ ತಲೆ ಸಾವಿರ ಹೋಳಾಗುವುದಂತೆ. ನನಗೆ ಆ ಭಯವಿಲ್ಲ. ಉತ್ತರ ನಿಜಕ್ಕೂ ತಿಳಿಯದು. ಆಯಿಯ ಕಥೆಯನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ತಂಬಗಿ ಈಗ ಎಲ್ಲೈತಿ?" ಎಂದಳು.

"ರಾಮದುರ್ಗದಾಗ, ಕಾಕಾನ ಮನ್ಯಾಗ," ಎಂದೆ. "ದಿನಾ ಅದರಾಗ ನೀರು ಕುಡೀತಾರ."