ಅನಾಮತ್ತು ಖಾತೆ

ನಲವತ್ತು ವರ್ಷಗಳಿಂದ ದಾವಣಗೆರೆಯಲ್ಲಿ ಜವಳಿ ವ್ಯಾಪಾರ ನಡೆಸಿಕೊಂಡು ಬಂದಿರುವ ನನಗೆ ದಿನದ ಲೆಕ್ಕ ಹೊಂದದೆ ನಿದ್ದೆ ಬಾರದು. ಇಂಥವನ ಮನೆಗೆ ಕಳೆದ ಕಾರ್ತಿಕ ಮಾಸದಲ್ಲಿ ಹೊಂದದ ಲೆಕ್ಕವೊಂದು ಬಂದಿತು.

ಇಪ್ಪತ್ತೇಳು ವರ್ಷದ ನನ್ನ ಮಗಳು ಅಂಗಡಿಯಲ್ಲಿ ಕೆಂಪು ಸೀರೆಯೊಂದನ್ನು ಬಿಚ್ಚಿ ನೋಡುತ್ತ, "ಅಪ್ಪ, ಎಡಗಣ್ಣಿಗೆ ಈ ಬಣ್ಣ ಮಾಸಿದಂತೆ ಕಾಣುತ್ತಿದೆ" ಎಂದಳು. ಕಣ್ಣು ಹೊರಳಿಸಿದರೆ ನೋವು. ನೇತ್ರವೈದ್ಯರು ದೃಷ್ಟಿನರದ ಉರಿಯೂತವೆಂದು ಹೇಳಿ ಬೆಂಗಳೂರಿನ ನರರೋಗ ತಜ್ಞರಲ್ಲಿಗೆ ಕಳುಹಿಸಿದರು. ಎಂಆರ್‌ಐ ಚಿತ್ರದಲ್ಲಿ, ಮೆದುಳಿನಲ್ಲಿ ಒಂದು ಬಿಳಿಯ ಮಚ್ಚೆ ಕಂಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಅಂದು ನಮ್ಮ ಕಿವಿಗೆ ಬಿದ್ದಿತು.

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ನರತಂತುಗಳ ಮೇಲಿನ ಮೈಲಿನ್ ಹೊದಿಕೆಯನ್ನು ಹಾಳುಗೆಡಹುವ ರೋಗವಿದು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಬಹುಪಾಲು ತಾರುಣ್ಯದಲ್ಲೇ ತಲೆದೋರುತ್ತದೆ. ಇದನ್ನು ನಿಶ್ಚಯಿಸುವ ಒಂದೇ ಪರೀಕ್ಷೆಯೆಂಬುದಿಲ್ಲ. 2001ರಲ್ಲಿ ರೂಪುಗೊಂಡು ಹಲವು ಬಾರಿ ಪರಿಷ್ಕೃತವಾದ ಮೆಕ್‌ಡೊನಾಲ್ಡ್ ಮಾನದಂಡಗಳಂತೆ ರೋಗಲಕ್ಷಣ, ಚಿತ್ರ, ಬೆನ್ನುಹುರಿಯ ದ್ರವ ಎಲ್ಲವನ್ನೂ ಕೂಡಿಸಿ ತೂಗಬೇಕು. ಮಗಳ ದ್ರವಪರೀಕ್ಷೆಯಿಂದ ನಿರ್ಣಯ ಸಿಗಲಿಲ್ಲ. ನಾವು ಸಸ್ಯಾಹಾರಿಗಳಾದುದರಿಂದ ಬಿ12 ಜೀವಸತ್ವವನ್ನೂ ಪರೀಕ್ಷಿಸಿದರು. ಅದರ ಕೊರತೆಯೂ ನರಗಳನ್ನು ಕೆಡಿಸಬಲ್ಲುದು. ಕೊರತೆಯಿದ್ದುದು ನಿಜ, ಚುಚ್ಚುಮದ್ದು ಕೊಟ್ಟರು. ಆದರೆ ಅದೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದೆಂದರು. ಕೆಲವು ವಾರಗಳಲ್ಲಿ ದೃಷ್ಟಿ ಬಹುಮಟ್ಟಿಗೆ ಮರಳಿತು. ಆರು ತಿಂಗಳ ನಂತರ ಮತ್ತೆ ಚಿತ್ರ ತೆಗೆಯೋಣ ಎಂಬುದು ವೈದ್ಯರ ತೀರ್ಮಾನ.

"ಹೌದೋ ಅಲ್ಲವೋ ಹೇಳಿಬಿಡಿ ಸ್ವಾಮಿ" ಎಂದು ನಾನು ಕೇಳಿದೆ. ಅವರು ಶಾಂತರಾಗಿಯೇ ಉತ್ತರಿಸಿದರು: ಈ ರೋಗಕ್ಕೆ ಕೊಡುವ ಕೆಲವು ಔಷಧಗಳು, ಇದನ್ನೇ ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಮತ್ತೊಂದು ರೋಗವನ್ನು ಉಲ್ಬಣಗೊಳಿಸಬಲ್ಲವು. ಅವಸರದ ಉತ್ತರ ಅಪಾಯಕರ.

ನಾನು ನಾಚಿದೆ. ಸ್ಯಾತ್ ಎಂದರೆ 'ಬಹುಶಃ' ಎಂದಲ್ಲ, 'ಒಂದು ಅಪೇಕ್ಷೆಯಿಂದ' ಎಂದು ಸ್ವಾಧ್ಯಾಯದಲ್ಲಿ ಹತ್ತಾರು ಸಲ ವಿವರಿಸಿದವನು ನಾನು. ಅವಕ್ತವ್ಯವೂ ಒಂದು ಭಂಗವೆಂದು ಬಲ್ಲವನು. ಸ್ವಂತ ಮಗಳ ವಿಷಯ ಬಂದಾಗ ಏಕಾಂತವಾದಿಯಾಗಿ ನಿಂತಿದ್ದೆ.

ನಿಜವಾದ ಪರೀಕ್ಷೆ ಮನೆಯಲ್ಲಿ ಕಾದಿತ್ತು. ಆ ದಿನಗಳಲ್ಲೇ ಅವಳ ವಿವಾಹದ ಮಾತುಕತೆ ನಡೆದಿತ್ತು. ನನ್ನಣ್ಣ ಹೇಳಿದರು: "ವೈದ್ಯರೇ ರೋಗವೆಂದು ಹೇಳಿಲ್ಲ, ನೀನೇಕೆ ಹೇಳಬೇಕು ತಮ್ಮಾ?" ಮಾತು ಹಿತವಾಗಿತ್ತು. ಮೂರು ದಿನ ನಾನೂ ಅದನ್ನೇ ನೆಚ್ಚಿಕೊಂಡೆ. ತಿಳಿಯದುದನ್ನು ಹೇಳದಿರುವುದು ಸುಳ್ಳಲ್ಲವಲ್ಲ ಎಂದು ಸಮಾಧಾನ ತಂದುಕೊಂಡೆ.

ನಾಲ್ಕನೆಯ ರಾತ್ರಿ ಅಂಗಡಿಯ ತಾಳೆಪಟ್ಟಿ ಹೊಂದಲಿಲ್ಲ. ಬಿ.ಕಾಂ. ತರಗತಿಯಲ್ಲಿ ಕಲಿತಂತೆ ವ್ಯತ್ಯಾಸದ ಮೊತ್ತವನ್ನು ಅನಾಮತ್ತು ಖಾತೆಗೆ ಬರೆದೆ. ಬರೆಯುತ್ತಿದ್ದಂತೆ ಹೊಳೆಯಿತು: ತಪ್ಪು ಸಿಗುವವರೆಗೆ ಮೊತ್ತವನ್ನು ಅಲ್ಲಿಡುತ್ತೇವೆ, ಲೆಕ್ಕ ಹೊಂದಲೆಂದು ಸುಳ್ಳು ನಮೂದು ಮಾಡುವುದಿಲ್ಲ. ಆದರೆ ಅನಾಮತ್ತು ಖಾತೆಯೂ ಪುಸ್ತಕದಲ್ಲಿಯೇ ಇರುತ್ತದೆ, ಪುಸ್ತಕ ನೋಡುವ ಹಕ್ಕುಳ್ಳವರಿಗೆ ಕಾಣುತ್ತದೆ. ತಿಳಿಯದೆಂಬುದನ್ನು ಮರೆಮಾಡುವುದೂ ಮರೆಮಾಡುವುದೇ.

ಆದರೂ ಆ ಪುಸ್ತಕ ನನ್ನದಲ್ಲ, ಮಗಳದು. ಬೆಳಿಗ್ಗೆ ಅವಳನ್ನೇ ಕೇಳಿದೆ. "ಗೊತ್ತಿರುವಷ್ಟನ್ನು ನಾನೇ ಹೇಳುತ್ತೇನಪ್ಪ. ಗೊತ್ತಿಲ್ಲವೆಂಬುದನ್ನೂ ಹೇಳುತ್ತೇನೆ" ಎಂದಳು. ಹೇಳಿದಳು. ಹುಡುಗನ ಮನೆಯವರು ಎರಡನೆಯ ಚಿತ್ರ ಬರುವವರೆಗೆ ಸಮಯ ಕೇಳಿದ್ದಾರೆ. ಅವರನ್ನು ದೂರಲಾರೆ.

ಅದಕ್ಕೆ ಇನ್ನು ಐದು ವಾರಗಳಿವೆ. ಭಯ ಹೋಗಿದೆಯೆಂದರೆ ಅದೂ ಸುಳ್ಳು ನಮೂದಾದೀತು. ಪ್ರತಿದಿನ ಅಂಗಡಿ ತೆರೆದಾಗ ಮಗಳು ಬಲಗಣ್ಣು ಮುಚ್ಚಿ ಕೆಂಪು ಸೀರೆಯನ್ನೊಮ್ಮೆ ನೋಡುತ್ತಾಳೆ. ನಾನು ಏನೂ ಕೇಳುವುದಿಲ್ಲ. ಅವಳು ಸೀರೆಯನ್ನು ಮಡಿಸಿ ಒಳಗಿಡುತ್ತಾಳೆ, ನಾನು ಗಿರಾಕಿಗಳತ್ತ ತಿರುಗುತ್ತೇನೆ.